ಕರೆಂಟು ನಮಗೆ, ಗುಂಡಿ ಅವರಿಗೆ: ಕಲ್ಲಿದ್ದಲು ತೆಗೆದ ಭೂಮಿ ಸರಿ ಮಾಡೋರು ಯಾರು?

ರಾಯಚೂರು: ಶಕ್ತಿನಗರದ ಆರ್‌ಟಿಪಿಎಸ್‌ಗೆ ಕಲ್ಲಿದ್ದಲು ತುಂಬಿದ ರೈಲು ಬರೋದು ನಮಗೇನು ಹೊಸದಲ್ಲ. 1985ರಿಂದ ನೋಡ್ತಾ ಬಂದಿದ್ದೇವೆ. ಕಲ್ಲಿದ್ದಲು ಕಮ್ಮಿ ಆದರೆ ಘಟಕ ನಿಲ್ಲುತ್ತೆ, ಅದರ ದರ ಏರಿದರೆ ಜೆಸ್ಕಾಂ ಬಿಲ್ಲಿನಲ್ಲಿ ಇಂಧನ ವೆಚ್ಚ ಹೊಂದಾಣಿಕೆ ಅಂತ ಸೇರುತ್ತೆ. ಅಂಗಡಿ ಇಟ್ಟವರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಕಲ್ಲಿದ್ದಲು ತೆಗೆದ ಊರಿನ ಭೂಮಿ ಆಮೇಲೆ ಏನಾಗುತ್ತೆ?

ನಮಗೆ ನೇರ ಸಂಬಂಧ ಇರೋ ಒಂದು ಗಣಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿದೆ. ಹೆಸರು ಬರಾಂಜ್. 2003ರಲ್ಲಿ ಕೆಪಿಸಿಎಲ್‌ ಕೇಂದ್ರಗಳಿಗೆ ಅಂತ ಹಂಚಿಕೆ ಆಗಿದ್ದ ಈ ಗಣಿ, 2014ರಲ್ಲಿ ಸುಪ್ರೀಂ ಕೋರ್ಟ್ 204 ಹಂಚಿಕೆಗಳನ್ನು ರದ್ದು ಮಾಡಿದಾಗ ಕೈತಪ್ಪಿತ್ತು. 2015ರಲ್ಲಿ ಮತ್ತೆ ಕೆಪಿಸಿಎಲ್‌ಗೇ ಸಿಕ್ಕಿತು. ಅಂದರೆ ಭೂಮಿ ಮಹಾರಾಷ್ಟ್ರದ್ದು, ಅಗೆಯೋ ಜವಾಬ್ದಾರಿ ಕರ್ನಾಟಕ ಸರ್ಕಾರದ ಸಂಸ್ಥೆಯದ್ದು.

ಯಾರ ಕೈಯಲ್ಲಿ ಏನಿದೆ?

ಕೇಂದ್ರ: ಗಣಿ ಮುಚ್ಚುವ ಯೋಜನೆಗೆ ನಿಯಮ ಮಾಡೋದು ಕಲ್ಲಿದ್ದಲು ಸಚಿವಾಲಯ. 2009ರ ಮಾರ್ಗಸೂಚಿ ಪ್ರಕಾರ ಗಣಿ ಕಂಪನಿ ಪ್ರತಿ ವರ್ಷ ಬ್ಯಾಂಕಿನ ಎಸ್ಕ್ರೊ ಖಾತೆಗೆ ಹಣ ಕಟ್ಟಬೇಕು. ಆಗ ತೆರೆದ ಗಣಿಗೆ ಲೆಕ್ಕ ಹಾಕಿದ್ದು ಹೆಕ್ಟೇರಿಗೆ 6 ಲಕ್ಷ ರೂಪಾಯಿ. ಇದು ಅಡ್ವಾನ್ಸ್ ಇದ್ದ ಹಾಗೆ. ಗುಂಡಿ ತುಂಬಿ, ತೆಗೆದಿಟ್ಟ ಮೇಲ್ಮಣ್ಣು ಹಾಕಿ, ಗಿಡ ನೆಟ್ಟರೆ ಹಣ ಹಂತ ಹಂತವಾಗಿ ವಾಪಸ್. ಕೊನೆಗೆ ಸರಿಯಾಗಿದೆ ಅಂತ ಹೇಳಬೇಕಾದ್ದು ಕೇಂದ್ರದ ಕಲ್ಲಿದ್ದಲು ನಿಯಂತ್ರಕರು.

ರಾಜ್ಯ: ಗುತ್ತಿಗೆ ಪತ್ರ ಮಾಡಿಕೊಡೋದು, ರಾಯಲ್ಟಿ ತಗೊಳ್ಳೋದು ಗಣಿ ಇರೋ ರಾಜ್ಯ. ಸಂವಿಧಾನದಲ್ಲಿ ಭೂಮಿ ರಾಜ್ಯದ ವಿಷಯ, ಆದರೆ ದೊಡ್ಡ ಖನಿಜಗಳ ನಿಯಂತ್ರಣವನ್ನು ಸಂಸತ್ತು ಕಾನೂನು ಮಾಡಿ ತನ್ನ ಕೈಗೆ ತಗೊಂಡಿದೆ. ಖನಿಜದ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಹಣದ ವಿಷಯದಲ್ಲಿ ರಾಜ್ಯಕ್ಕೆ ಬಲ ಬಂತು, ಗುಂಡಿ ಮುಚ್ಚಿಸೋ ವಿಷಯದಲ್ಲಿ ಅಲ್ಲ.

ಗ್ರಾಮ ಪಂಚಾಯಿತಿ: ಇಲ್ಲೇ ಇರೋದು ತೊಡಕು. ಮಣ್ಣು ಸಂರಕ್ಷಣೆ, ಸಣ್ಣ ನೀರಾವರಿ, ಸಾಮಾಜಿಕ ಅರಣ್ಯ, ಕುಡಿಯುವ ನೀರು, ಇವೆಲ್ಲ ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗೆ ಕೊಡಬಹುದಾದ ವಿಷಯಗಳು. ಗಣಿ ಭೂಮಿ ಸರಿಪಡಿಸೋದು ಅಂದರೆ ಇವೇ ಕೆಲಸ. ಆದರೂ ಎಸ್ಕ್ರೊ ಹಣ ಬಿಡುಗಡೆಗೆ ಪಂಚಾಯಿತಿ ಸಹಿ ಬೇಕಿಲ್ಲ. ಗಣಿ ಶುರುವಾಗೋ ಮುಂಚೆ ಪರಿಸರ ಅನುಮತಿಗೆ ನಡೆಯೋ ಸಾರ್ವಜನಿಕ ಅಹವಾಲು ಸಭೆಯಲ್ಲಿ ಊರವರು ಮಾತಾಡಬಹುದು, ಅದನ್ನು ಬರೆದುಕೊಳ್ತಾರೆ. ಬೇಡ ಅಂದರೂ ಅಷ್ಟಕ್ಕೇ ಗಣಿ ನಿಲ್ಲಲ್ಲ. ಆದಿವಾಸಿ ಪ್ರದೇಶಗಳ 1996ರ ಪೆಸಾ ಕಾಯ್ದೆಯಲ್ಲೂ ಗಣಿಗೆ ಗ್ರಾಮಸಭೆ ಶಿಫಾರಸು ಕಡ್ಡಾಯ ಅಂತ ಇರೋದು ಮರಳು, ಕಲ್ಲಿನಂಥ ಉಪ ಖನಿಜಕ್ಕೆ. ಕಲ್ಲಿದ್ದಲಿಗಲ್ಲ.

ಬಾವಿ ಬತ್ತಿದರೆ, ಮಳೆಗೆ ಮಣ್ಣಿನ ಗುಡ್ಡ ಹೊಲಕ್ಕೆ ಕುಸಿದರೆ ಜನ ಮೊದಲು ಹೋಗಿ ಕೇಳೋದು ಪಂಚಾಯಿತಿ ಅಧ್ಯಕ್ಷರನ್ನೇ. ಅವರ ಕೈಯಲ್ಲಿ ಅಧಿಕಾರ ಇಲ್ಲ. ಅಧಿಕಾರ ಇದ್ದವರು ಊರಲ್ಲಿ ಇಲ್ಲ.

ನಾವೇನು ಮಾಡಬಹುದು?

ಕೆಪಿಸಿಎಲ್ ನಮ್ಮ ರಾಜ್ಯದ ಸಾರ್ವಜನಿಕ ಸಂಸ್ಥೆ. 10 ರೂಪಾಯಿ ಶುಲ್ಕ ಕಟ್ಟಿ ಕನ್ನಡದಲ್ಲೇ ಆರ್‌ಟಿಐ ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಬರಾಂಜ್ ಗಣಿಯ ಎಸ್ಕ್ರೊ ಖಾತೆಗೆ ಇದುವರೆಗೆ ಎಷ್ಟು ಕಟ್ಟಿದ್ದಾರೆ? ಎಷ್ಟು ಹೆಕ್ಟೇರ್ ತುಂಬಿ ಗಿಡ ನೆಟ್ಟಿದ್ದಾರೆ? ಈ ಎರಡು ಪ್ರಶ್ನೆ ಸಾಕು.

ಆರ್‌ಟಿಪಿಎಸ್ ಹಾರುಬೂದಿ ಬಗ್ಗೆ ನಮಗೆ ಉತ್ತರ ಬೇಕು ಅಂತ ನಾವು ಕೇಳ್ತೀವಲ್ಲ, ಗಣಿ ಊರಿನವರಿಗೂ ಅದೇ ಹಕ್ಕಿದೆ. ಅವರ ಪಂಚಾಯಿತಿ ಮಾತಿಗೆ ಬೆಲೆ ಇಲ್ಲದಿರುವಾಗ, ಆ ಕಲ್ಲಿದ್ದಲಿನ ಕರೆಂಟು ಉರಿಸೋ ನಾವಾದರೂ ಒಂದು ಮಾತು ಕೇಳಬೇಕಲ್ಲವೇ?