ಸೌಹಾರ್ದ ಪಂದ್ಯ

ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಒಂದು ಚಾಳಿಯುಂಟು: ಪತ್ರಿಕೆಯಲ್ಲಿ ಕಂಡ ಮಾತನ್ನು ಬಿಡಿಸಿ ನೋಡುವುದು. 'ಸೌಹಾರ್ದ'ವನ್ನು ಬಿಡಿಸಿದರೆ ಒಳ್ಳೆಯ ಹೃದಯವುಳ್ಳವರ ಭಾವ ಎಂದಾಗುತ್ತದೆ. ಹಾಗಾಗಿ ಸೌಹಾರ್ದ ಪಂದ್ಯವೆಂದರೆ ಎರಡು ಪಕ್ಷಗಳೂ ಒಂದಿಷ್ಟು ಬಿಟ್ಟುಕೊಟ್ಟು ಆಡುವ ಆಟವೆಂದೇ ಬಹುಕಾಲ ನಂಬಿದ್ದೆ. 2023ರ ನವೆಂಬರಿನಲ್ಲಿ ನಾರ್ವೆಯಲ್ಲಿ ನಡೆದ ಮಹಿಳೆಯರ ಹ್ಯಾಂಡ್‌ಬಾಲ್ ಪಂದ್ಯಾವಳಿಯನ್ನು ಗಮನಿಸಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ಕೇಳುಗರಲ್ಲಿ ಕೆಲವರಿಗೆ ಈ ಆಟದ ಪರಿಚಯವಿರಲಾರದು. ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಅಂಗಣ. ಒಂದೊಂದು ಕಡೆಗೆ ಏಳು ಮಂದಿ. ಮೂವತ್ತು ನಿಮಿಷಗಳ ಎರಡು ಅವಧಿ. ಚೆಂಡನ್ನು ಹಿಡಿದವಳು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ. ಗೋಲಿನ ಮುಂದಿನ ಆರು ಮೀಟರಿನ ವಲಯದಲ್ಲಿ ಗೋಲ್‌ಕೀಪರ್ ಹೊರತು ಮತ್ತಾರೂ ಕಾಲಿಡಲಾಗದು. ಆದರೆ ಗೆರೆಯ ಹೊರಗಿನಿಂದ ನೆಗೆದು, ಗಾಳಿಯಲ್ಲಿದ್ದಾಗಲೇ ಚೆಂಡನ್ನೆಸೆಯಬಹುದು. ಆಟದ ಸೊಬಗೆಲ್ಲ ಆ ಒಂದು ಕ್ಷಣದಲ್ಲಿದೆ. ಅಡ್ಡ ನಿಂತವರು ಎದೆಕೊಟ್ಟು ತಡೆಯುತ್ತಾರೆ. ಅದಕ್ಕೆ ಮೈದಾನದಲ್ಲಿ ಯಾರೂ ಕ್ಷಮೆ ಕೇಳುವುದಿಲ್ಲ. ಒಲಿಂಪಿಕ್ಸಿನಲ್ಲಿ ಮಹಿಳೆಯರು ಇದನ್ನು ಆಡತೊಡಗಿದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ.

ನಾನು ಹೇಳಹೊರಟ ಪಂದ್ಯಾವಳಿಯ ಹೆಸರು ಪೋಸ್ಟೆನ್ ಕಪ್. ಪೋಸ್ಟೆನ್ ಎಂದರೆ ನಾರ್ವೆಯ ಅಂಚೆ. ಅದಕ್ಕೂ ಹಿಂದೆ ಅಲ್ಲಿನ ಇಂಥ ಪಂದ್ಯಾವಳಿಗೆ ಪೀಠೋಪಕರಣ ಮಾರುವ ಅಂಗಡಿಗಳ ಹೆಸರಿತ್ತು. ಹಣ ಕೊಟ್ಟವರ ಹೆಸರು ಬಟ್ಟಲ ಮೇಲೆ, ಅಷ್ಟೆ. 2023ರಲ್ಲಿ ಆತಿಥೇಯರೊಡನೆ ಪೋಲೆಂಡ್, ಐಸ್‌ಲೆಂಡ್, ಅಂಗೋಲ ತಂಡಗಳು ಆಡಿದವು. ನಾರ್ವೆ 2021ರ ವಿಶ್ವ ಚಾಂಪಿಯನ್. ಕೆಲವೇ ದಿನಗಳಲ್ಲಿ ಮುಂದಿನ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಗಲಿತ್ತು. ಈ ಸೌಹಾರ್ದ ಪಂದ್ಯಗಳ ಗೆಲುವು ಅಲ್ಲಿನ ಅಂಕಪಟ್ಟಿಗೆ ಸೇರುವುದಿಲ್ಲ. ಹಾಗೆಂದು ಆಡುವವಳಿಗೆ ಇದು ಹಗುರವಾದ ಆಟವೇ? ತರಬೇತುದಾರನ ಕಣ್ಣು ಅವಳ ಮೇಲಿದೆ. ಮುಂದಿನ ವಾರ ಅಂಗಣಕ್ಕಿಳಿಯುವವಳು ಯಾರು, ಬೆಂಚಿನ ಮೇಲೆ ಕೂರುವವಳು ಯಾರು ಎಂಬುದು ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ.

ಇದಕ್ಕಿಂತ ಕುತೂಹಲದ ಸಂಗತಿಯೊಂದಿದೆ. ಐಸ್‌ಲೆಂಡ್ ಮತ್ತು ಅಂಗೋಲ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿಯೂ ಒಂದೇ ಗುಂಪಿನಲ್ಲಿದ್ದವು. ಜೊತೆಗೆ ಫ್ರಾನ್ಸ್, ಸ್ಲೊವೇನಿಯ. ಸೌಹಾರ್ದಕ್ಕೆಂದು ಎದುರಾದವರೇ ಹತ್ತು ಹನ್ನೆರಡು ದಿನಗಳೊಳಗೆ ಮತ್ತೆ ಎದುರಾಗಬೇಕು. ಈಗ ಇಕ್ಕಟ್ಟು ನೋಡಿ. ಹೊಸ ವರಸೆಯನ್ನು ಇಲ್ಲಿ ಪ್ರಯೋಗಿಸಿದರೆ ಎದುರಾಳಿ ಅದನ್ನು ಕಲಿತುಬಿಡುತ್ತಾಳೆ. ಬಚ್ಚಿಟ್ಟರೆ ತನ್ನ ಕೈಗೇ ಅದು ಪಳಗುವುದಿಲ್ಲ. ಚದುರಂಗದವರಿಗೂ ಈ ಸಂಕಟ ತಿಳಿದಿರಬೇಕು. ಆದರೆ ಅವರು ಕುರ್ಚಿಯಲ್ಲಿ ಕುಳಿತು ಯೋಚಿಸಬಲ್ಲರು.

ನಾಲ್ಕು ಲಕ್ಷ ಜನರೂ ಇಲ್ಲದ ಐಸ್‌ಲೆಂಡ್ 2011ರ ಬಳಿಕ ಮೊದಲ ಬಾರಿಗೆ ಆ ಕಣಕ್ಕೆ ಬಂದಿತ್ತು. ಅಂಗೋಲವೋ ಆಫ್ರಿಕದ ಕಿರೀಟವನ್ನು ಎಷ್ಟೋ ಸಲ ತೊಟ್ಟ ತಂಡ. ಫ್ರಾನ್ಸಿನಂಥ ತಂಡದೆದುರು ಒಂದೇ ಗೋಲಿನಿಂದ ಸೋತಿತ್ತು. ಇವರಿಬ್ಬರ ಪಂದ್ಯ ನಾರ್ವೆಯ ಸ್ಟವಾಂಗರ್ ಊರಿನಲ್ಲಿ. ಮುಂದಿನ ಸುತ್ತಿಗೆ ಹೋಗಲು ಐಸ್‌ಲೆಂಡ್ ಗೆಲ್ಲಲೇಬೇಕಿತ್ತು. 26–26, ಸರಿಸಮ. ಗೋಲುಗಳ ಅಂತರದ ಲೆಕ್ಕದಲ್ಲಿ ಅಂಗೋಲ ಮುಂದೆ ಹೋಯಿತು. ನವೆಂಬರಿನಲ್ಲಿ ಅವರು ಪರಸ್ಪರರಿಂದ ಕಲಿತದ್ದು ಸಮವಾಗಿತ್ತೋ, ಬಚ್ಚಿಟ್ಟದ್ದು ಸಮವಾಗಿತ್ತೋ! ಐಸ್‌ಲೆಂಡಿನ ಹೆಣ್ಣುಮಕ್ಕಳು ಅಲ್ಲಿಂದ ಡೆನ್ಮಾರ್ಕಿಗೆ ಹೋಗಿ, ಮೊದಲ ಸುತ್ತಿನಲ್ಲಿ ಹೊರಬಿದ್ದ ಎಂಟು ತಂಡಗಳಿಗೆಂದು ಇಟ್ಟ ಪ್ರೆಸಿಡೆಂಟ್ಸ್ ಕಪ್ಪನ್ನು ಗೆದ್ದು ಮನೆಗೆ ಮರಳಿದರು.