ಅಮೆರಿಕೆಯ ಮುಗ್ಗಟ್ಟು, ಹಿರೇಕೆರೂರಿನ ಕಂದಾಯ

ರಟ್ಟೀಹಳ್ಳಿಯ ಕುಮುದ್ವತಿಗೂ ಅಮೆರಿಕೆಯ ಮಿಸಿಸಿಪ್ಪಿಗೂ ಎತ್ತಣ ಸಂಬಂಧವೆಂದು ಯಾರಾದರೂ ಕೇಳಿದರೆ, ಹತ್ತಿಯ ಸಂಬಂಧವೆಂದು ಉತ್ತರಿಸಬಹುದು. ಅಮೆರಿಕೆಯ ಹತ್ತಿಬೀಜ ಧಾರವಾಡ ಸೀಮೆಯ ನೆಲಕ್ಕೆ ಬಿದ್ದದ್ದು 1840ರ ದಶಕದಲ್ಲಿ. ಅದು ಈ ಮಣ್ಣಿಗೆ ಒಗ್ಗಿ ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದಲೇ ಪೇಟೆಯಲ್ಲಿ ಪ್ರಸಿದ್ಧವಾಯಿತು. ಬೀಜದ ಬೆನ್ನಿಗೆ ದೂರದೇಶದ ಪೇಟೆಯ ಏರಿಳಿತವೂ ನಮ್ಮ ರೈತನ ಮನೆಬಾಗಿಲಿಗೆ ಬಂದಿತು.

ಮೊದಲನೆಯ ಮಹಾಯುದ್ಧದ ತರುವಾಯ ಅಮೆರಿಕೆಯ ನಗರಗಳು ಸಿರಿಯಲ್ಲಿ ಮೆರೆದವು. ಹಳ್ಳಿಗಳು ಮಾತ್ರ ಸಾಲದಲ್ಲಿಯೇ ಉಳಿದವು. 1929ರ ಅಕ್ಟೋಬರದಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಪೌಂಡಿಗೆ ಸುಮಾರು 17 ಸೆಂಟ್ ಇದ್ದ ಹತ್ತಿ ಎರಡು ವರ್ಷಗಳಲ್ಲಿ 6 ಸೆಂಟಿನ ಆಸುಪಾಸಿಗೆ ಇಳಿಯಿತು. 1933ರ ವೇಳೆಗೆ ಅಲ್ಲಿಯ ದುಡಿಯುವ ಜನರಲ್ಲಿ ನಾಲ್ವರಿಗೊಬ್ಬರು ನಿರುದ್ಯೋಗಿಗಳಾಗಿದ್ದರು.

ಆ ಕುಸಿತ ಭಾರತದ ಬೆಳೆಗಳ ಧಾರಣೆಯನ್ನೂ ನೆಲಕ್ಕಿಳಿಸಿತು. ಆದರೆ ಧಾರಣೆ ಇಳಿದಷ್ಟು ಕಂದಾಯ ಇಳಿಯಲಿಲ್ಲ. ಅದನ್ನು ರೊಕ್ಕದಲ್ಲಿಯೇ ತೆರಬೇಕಾಗಿತ್ತು. ಗಾಂಧೀಜಿಯವರ ಕಾಯಿದೆಭಂಗ ಚಳವಳಿಯ ಕಾಲವದು. ಆಗ ರಟ್ಟೀಹಳ್ಳಿಯೂ ಸೇರಿದ್ದ ಹಿರೇಕೆರೂರು ತಾಲೂಕು, ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರಗಳೊಡನೆ ಕರನಿರಾಕರಣೆಗೆ ನಿಂತಿತು. ಈ ಹೋರಾಟಕ್ಕೆ ದೇಶದ ಸ್ವಾತಂತ್ರ್ಯ ಎಷ್ಟು ಕಾರಣವೋ ಹೊಟ್ಟೆಯ ಸಂಕಟವೂ ಅಷ್ಟೇ ಕಾರಣ. ಸರಕಾರ ಕೊಟ್ಟ ಉತ್ತರವೆಂದರೆ ಜಫ್ತಿ ಮತ್ತು ಲಿಲಾವು.

ಇದೇ ಸಂಕಟಕ್ಕೆ ಅಮೆರಿಕೆಯ ಸರಕಾರ ಏನು ಮಾಡಿತು? 1933ರಲ್ಲಿ ಅಧ್ಯಕ್ಷರಾದ ರೂಸ್‌ವೆಲ್ಟರು, ಧಾರಣೆ ಏರಲೆಂದು ಸುಮಾರು ಒಂದು ಕೋಟಿ ಎಕರೆ ಹತ್ತಿಯ ಬೆಳೆಯನ್ನು ಉಳಿಸಿ ಮಣ್ಣುಗೂಡಿಸಲು ರೈತರಿಗೆ ಹಣ ಕೊಡಿಸಿದರು. ಒಂದು ಸರಕಾರ ರೈತನಿಂದ ಕಸಿಯುತ್ತಿದ್ದಾಗ ಇನ್ನೊಂದು ಅವನಿಗೆ ಕೊಡುತ್ತಿತ್ತು. ಕಾರಣ ಔದಾರ್ಯವೊಂದೇ ಅಲ್ಲ. ಅಲ್ಲಿಯ ರೈತನ ಕೈಯಲ್ಲಿ ಮತವಿತ್ತು.

ಈ ಮಾತಿಗೆ ಸಾಕ್ಷಿ ಅಮೆರಿಕೆಯಲ್ಲಿಯೇ ಇದೆ. ದಕ್ಷಿಣದ ರಾಜ್ಯಗಳಲ್ಲಿ ಕೋರುಪಾಲಿಗೆ ದುಡಿಯುತ್ತಿದ್ದ ಕಪ್ಪು ಜನರಿಗೆ ಮತದಾನ ಹೆಸರಿಗಷ್ಟೇ ಇತ್ತು. ಸರಕಾರದ ಹಣದ ಬಹುಪಾಲು ಭೂಮಾಲೀಕರ ಪೆಟ್ಟಿಗೆ ಸೇರಿತು. ಬೆಳೆ ಕಡಿಮೆಯಾದೊಡನೆ ಎಷ್ಟೋ ಒಕ್ಕಲು ಬೀದಿಗೆ ಬಿದ್ದವು. ನಮ್ಮಲ್ಲಿಯೂ ಅಷ್ಟೆ: 1937ರ ಚುನಾವಣೆಯಲ್ಲಿ ಅಲ್ಪಸ್ವಲ್ಪ ಜನರಿಗೆ ಮತ ದೊರೆತು, ಮುಂಬಯಿ ಪ್ರಾಂತದಲ್ಲಿ ಜನರ ಮಂತ್ರಿಮಂಡಲ ಬಂದ ಮೇಲೆಯೇ ಜಫ್ತಿಯಾದ ಜಮೀನುಗಳನ್ನು ಹಿಂದಿರುಗಿಸುವ ಕಾಯಿದೆಯಾದದ್ದು.

ಎರಡನೆಯ ಯುದ್ಧ ಬಂದಿತು. 1941ರ ಆಗಸ್ಟಿನ ಅಟ್ಲಾಂಟಿಕ್ ಸನ್ನದು ತಮ್ಮ ಆಡಳಿತವನ್ನು ಆರಿಸಿಕೊಳ್ಳುವ ಹಕ್ಕು ಎಲ್ಲ ಜನಾಂಗಗಳಿಗೂ ಉಂಟೆಂದು ಸಾರಿತು. ಮುಂದಿನ ತಿಂಗಳೇ ಚರ್ಚಿಲ್ಲರು ಅದು ಭಾರತಕ್ಕೆ ಅನ್ವಯಿಸದೆಂದರು. ರೂಸ್‌ವೆಲ್ಟರ ಸರಕಾರವೂ 1942ರಲ್ಲಿ ಜಪಾನೀ ಮೂಲದ ಸುಮಾರು 1,20,000 ಜನರನ್ನು ವಿಚಾರಣೆಯಿಲ್ಲದೆ ಶಿಬಿರಗಳಿಗೆ ಅಟ್ಟಿತು. 1943ರ ಏಪ್ರಿಲ್ 1ರಂದು ಹಾವೇರಿಯ ಬಳಿಯ ಹೊಸರಿತ್ತಿಯಲ್ಲಿ, ಸರಕಾರ ವಸೂಲಿ ಮಾಡಿಟ್ಟ ಕಂದಾಯವನ್ನು ವಶಪಡಿಸಿಕೊಳ್ಳಹೋದ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದರು. ಹಿರೇಕೆರೂರಿನ ಹಳ್ಳಿಗಳಲ್ಲಿ ಎದ್ದ ಕಂದಾಯದ ಪ್ರಶ್ನೆಯೇ ಅಲ್ಲಿ ರಕ್ತ ಕೇಳಿತು.

ಪೇಟೆಯ ಧಾರಣೆ ಬಿದ್ದರೆ ಎಲ್ಲರ ಮೇಲೂ ಬೀಳುತ್ತದೆ. ಪರಿಹಾರ ಮಾತ್ರ ದನಿಯುಳ್ಳವನನ್ನು ಹುಡುಕಿಕೊಂಡು ಹೋಗುತ್ತದೆ. ನಮ್ಮ ಮೊದಲ ಮಹಾಚುನಾವಣೆ 1951-52ರಲ್ಲಿ ನಡೆದಾಗ ರಟ್ಟೀಹಳ್ಳಿಯ ಕೂಲಿಕಾರನಿಗೂ ಜಮೀನುದಾರನಿಗೂ ಒಂದೊಂದೇ ಮತ. ಮಿಸಿಸಿಪ್ಪಿಯ ಕಪ್ಪು ಒಕ್ಕಲಿಗನಿಗೆ ಆ ಹಕ್ಕು ನಿಜವಾಗಿ ಕೈಗೂಡಿದ್ದು 1965ರ ಕಾಯಿದೆಯ ಅನಂತರ.