ಮದ್ದಿಗೆ ಮದ್ದು ಅಡ್ಡ ಬಂದಾಗ

ದೇವನಹಳ್ಳಿಯ ಚಕ್ಕೋತವನ್ನು ಅರಿಯದವರು ನಮ್ಮ ಸೀಮೆಯಲ್ಲಿ ವಿರಳ. ದಪ್ಪ ಸಿಪ್ಪೆ, ಒಳಗೆ ನಸುಗೆಂಪು ತೊಳೆ, ಸಿಹಿಯೊಡನೆ ಬೆರೆತ ಸಣ್ಣ ಕಹಿ. ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆದ ಹಣ್ಣು ಇದು. ೨೦೦೮ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಅದರ ತೋಟಗಳು ಕುಗ್ಗಿದುವೆಂಬುದು ಬೇರೆಯೇ ಕಥೆ. ಈ ಹಣ್ಣನ್ನು ತಿಂದವನ ದೇಹದಲ್ಲಿ ಕೆಲವು ಮಾತ್ರೆಗಳು ವೈದ್ಯರು ಎಣಿಸಿದ್ದಕ್ಕಿಂತ ಹೆಚ್ಚು ಬಲದಿಂದ ಕೆಲಸ ಮಾಡಬಲ್ಲುವು ಎಂದರೆ ವಾಚಕರು ನಂಬುವರೆ?

ಈ ಸಂಗತಿ ಆಕಸ್ಮಿಕವಾಗಿ ಹೊರಬಿದ್ದಿತು, ಅದೂ ಚಕ್ಕೋತದ ಸಂತಾನವೊಂದರಿಂದ. ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಮಿಶ್ರತಳಿಯೇ ಗ್ರೇಪ್‌ಫ್ರೂಟ್. ಬಾರ್ಬಡೋಸ್ ದ್ವೀಪದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಕಾಣಿಸಿಕೊಂಡಿತು. ಕೆನಡಾದ ಡೇವಿಡ್ ಬೈಲಿ ಮತ್ತು ಅವರ ಸಂಗಡಿಗರು ಫೆಲೊಡಿಪಿನ್ ಎಂಬ ರಕ್ತದೊತ್ತಡದ ಔಷಧದ ಮೇಲೆ ಮದ್ಯದ ಪರಿಣಾಮವನ್ನು ಅಳೆಯಹೊರಟಿದ್ದರು. ಮದ್ಯದ ರುಚಿ ತಿಳಿಯದಿರಲೆಂದು ಅದಕ್ಕೆ ಗ್ರೇಪ್‌ಫ್ರೂಟ್ ರಸವನ್ನು ಬೆರೆಸಿದರು. ೧೯೮೯ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ರಕ್ತದೊಳಗಣ ಔಷಧದ ಮಟ್ಟ ನಿರೀಕ್ಷೆಯನ್ನು ಮೀರಿ ಏರಿತ್ತು. ತಪ್ಪಿತಸ್ಥ ಮದ್ಯವಲ್ಲ, ರಸ! ೧೯೯೧ರಲ್ಲಿ ರಸವನ್ನೇ ಪರೀಕ್ಷಿಸಿದರು. ನೀರಿನೊಡನೆ ನುಂಗಿದಾಗ ರಕ್ತವನ್ನು ಸೇರುವ ಔಷಧವನ್ನು ೧೦೦ ಎಂದಿಟ್ಟುಕೊಂಡರೆ, ರಸದೊಡನೆ ನುಂಗಿದಾಗ ಅದು ಸರಾಸರಿ ೨೮೪ ಆಯಿತು. ಒಬ್ಬನಲ್ಲಿ ೧೬೪, ಮತ್ತೊಬ್ಬನಲ್ಲಿ ೪೬೯.

ಮಾತ್ರೆಯ ತೂಕ ಬದಲಾಗಿಲ್ಲ. ಹೆಚ್ಚಿನ ಔಷಧ ಎಲ್ಲಿಂದ ಬಂದಿತು? ದ್ರವ್ಯವು ಶೂನ್ಯದಿಂದ ಹುಟ್ಟದೆಂದು ತರಗತಿಯಲ್ಲಿ ದಿನವೂ ಹೇಳುವ ನಮಗೆ ಮೊದಲು ಹೊಳೆಯುವ ಪ್ರಶ್ನೆ ಇದೇ. ಉತ್ತರ ಸರಳ. ನುಂಗಿದ ಫೆಲೊಡಿಪಿನ್ನಿನ ನೂರು ಪಾಲಿನಲ್ಲಿ ರಕ್ತವನ್ನು ಮುಟ್ಟುವುದು ಸುಮಾರು ಹದಿನೈದು ಪಾಲು ಮಾತ್ರ. ಮಿಕ್ಕುದೆಲ್ಲ ಕರುಳಿನ ಗೋಡೆಯಲ್ಲೂ ಯಕೃತ್ತಿನಲ್ಲೂ ಒಡೆದುಹೋಗುತ್ತದೆ. ದಾರಿಯಲ್ಲಿ ಸುಂಕದ ಕಟ್ಟೆಗಳಿದ್ದಂತೆ. ಈ ನಷ್ಟವನ್ನು ಲೆಕ್ಕ ಹಿಡಿದೇ ಮಾತ್ರೆಯ ಪ್ರಮಾಣವನ್ನು ಗೊತ್ತುಮಾಡಿರುತ್ತಾರೆ. ಸುಂಕದವನು ನಿದ್ರೆ ಹೋದರೆ ಸರಕು ಮೂರು ಪಾಲು ಒಳಬರುವುದರಲ್ಲಿ ಸೋಜಿಗವೇನು?

ಈ ಸುಂಕದವರು ಸೈಟೊಕ್ರೋಮ್ ಪಿ-೪೫೦ ಎಂಬ ಕುಲದ ಕಿಣ್ವಗಳು. ಹೆಸರಿನಲ್ಲಿರುವ ಅಂಕಿ ಭೌತಶಾಸ್ತ್ರದ ಕಾಣಿಕೆಯೆಂಬುದು ನಮಗೊಂದು ಹೆಮ್ಮೆ. ಇಂಗಾಲದ ಮಾನಾಕ್ಸೈಡನ್ನು ಹಿಡಿದುಕೊಂಡಾಗ ಈ ವಸ್ತು ೪೫೦ ನ್ಯಾನೊಮೀಟರ್ ತರಂಗದೂರದ ನೀಲಿ ಬೆಳಕನ್ನು ಪ್ರಬಲವಾಗಿ ಹೀರುತ್ತದೆ. ಜಪಾನಿನ ಒಮುರ ಮತ್ತು ಸಾಟೊ ೧೯೬೨ರಲ್ಲಿ ಅದಕ್ಕೆ ಆ ಹೆಸರನ್ನಿಟ್ಟರು. ಕುಲದಲ್ಲಿ ಬಗೆಬಗೆಯ ಕಿಣ್ವಗಳಿವೆ. ಅವುಗಳಲ್ಲಿ ೩ಎ೪ ಎಂಬುದೊಂದೇ ಬಹಳಷ್ಟು ಔಷಧಗಳನ್ನು ಒಡೆಯುತ್ತದೆ.

ಚಕ್ಕೋತ, ಗ್ರೇಪ್‌ಫ್ರೂಟ್‌ಗಳಲ್ಲಿ ಫ್ಯುರಾನೊಕೂಮರಿನ್ ಎಂಬ ಸಂಯುಕ್ತಗಳಿವೆ. ೩ಎ೪ ಎಂದಿನಂತೆ ಇವನ್ನೂ ಒಡೆಯಹೋಗುವುದು. ಆಗ ಹುಟ್ಟಿದ ತುಣುಕು ಕಿಣ್ವಕ್ಕೇ ಅಂಟಿಕೊಂಡು ಅದನ್ನು ಶಾಶ್ವತವಾಗಿ ಕೆಡಿಸುವುದು. ಕರುಳು ಹೊಸ ಕಿಣ್ವವನ್ನು ಕಟ್ಟಿಕೊಳ್ಳಲು ಒಂದರಿಂದ ಮೂರು ದಿನ ಬೇಕು. ಆದುದರಿಂದ ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂಬ ಉಪಾಯ ಫಲಿಸದು. ಮೂತ್ರಪಿಂಡ ಕಸಿಯಾದ ರೋಗಿಯೊಬ್ಬರಲ್ಲಿ ಚಕ್ಕೋತದಿಂದ ಟ್ಯಾಕ್ರೊಲಿಮಸ್ ಔಷಧದ ಮಟ್ಟ ಏರಿದ್ದನ್ನು ಜಪಾನಿನ ವೈದ್ಯರು ೨೦೦೩ರಲ್ಲಿ ವರದಿಮಾಡಿದರು. ಕೊಲೆಸ್ಟರಾಲಿಗೆ ಕೊಡುವ ಸಿಮ್ವಸ್ಟಾಟಿನ್ ಕೂಡ ಈ ಗುಂಪಿಗೆ ಸೇರಿದುದು. ಹಾಗೆಂದು ಹಣ್ಣಿಗೇ ಹೆದರಬೇಕಾಗಿಲ್ಲ: ನಮ್ಮಲ್ಲಿ ಬಹು ಬಳಕೆಯ ಅಮ್ಲೊಡಿಪಿನ್ ಮಾತ್ರೆಗೆ ಗ್ರೇಪ್‌ಫ್ರೂಟ್ ರಸ ತೊಡಕು ಮಾಡುವುದು ತೀರ ಅಲ್ಪ.

ಹಣ್ಣು ಮಾಡುವ ಈ ಕೆಲಸವನ್ನು ಒಂದು ಔಷಧ ಇನ್ನೊಂದಕ್ಕೆ ಮಾಡಿದರೆ? ಸೋಂಕಿಗೆ ಕೊಡುವ ಕ್ಲಾರಿತ್ರೊಮೈಸಿನ್ ಇದೇ ಕಿಣ್ವವನ್ನು ತಡೆಯುತ್ತದೆ. ಅದರೊಡನೆ ಸಿಮ್ವಸ್ಟಾಟಿನ್ ಸೇರಿದರೆ ಸ್ನಾಯುಗಳೇ ಶಿಥಿಲವಾಗುವ ಅಪಾಯವುಂಟು.

ಇದಕ್ಕೆ ವಿರುದ್ಧವಾದ ಪರಿಣಾಮವೂ ಇದೆ. ನಮ್ಮ ಜನಕ್ಕೆ ಇದೇ ಹೆಚ್ಚು ಸಂಬಂಧಪಟ್ಟುದೆಂದು ನಮ್ಮ ಅಭಿಪ್ರಾಯ. ಕ್ಷಯರೋಗವನ್ನು ಹತ್ತಿಕ್ಕುವ ವಿಧಾನಗಳನ್ನು ರೂಪಿಸಲು ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ೧೯೬೦ರಲ್ಲಿ ಉದ್ಘಾಟನೆಗೊಂಡಿತು. ಆಮೇಲೆ ಬಂದ ರಿಫಾಂಪಿಸಿನ್, ಇಂದಿನ ಆರು ತಿಂಗಳ ಚಿಕಿತ್ಸೆಯ ಬೆನ್ನೆಲುಬು. ಅದು ಕಿಣ್ವವನ್ನು ಕೆಡಿಸುವುದಿಲ್ಲ. ಹೆಚ್ಚು ಹೆಚ್ಚು ಕಿಣ್ವವನ್ನು ತಯಾರಿಸುವಂತೆ ಜೀವಕೋಶಗಳನ್ನು ಪ್ರಚೋದಿಸುತ್ತದೆ. ಹೊಸಕೋಟೆಯ ಕೆರೆಯನ್ನು ನೆನೆಯಿರಿ. ಒಳಬರುವ ನೀರು ಅಷ್ಟೇ ಇದ್ದು ತೂಬನ್ನು ಅಗಲಿಸಿದರೆ ನೀರಿನ ಮಟ್ಟ ಇಳಿಯಲೇಬೇಕು. ಗರ್ಭನಿರೋಧಕ ಗುಳಿಗೆ ಈ ಕಾರಣದಿಂದ ವಿಫಲವಾಗಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಎಂದಿನ ಪ್ರಮಾಣದಲ್ಲಿ ಸಾಲದಾಗುವುದು.

ದೊಡ್ಡಬಳ್ಳಾಪುರದ ರೋಗಿಯೊಬ್ಬ ಕ್ಷಯದ ಮಾತ್ರೆಗಳನ್ನು ತನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿಯೂ ಹೃದಯದ ಔಷಧವನ್ನು ಬೆಂಗಳೂರಿನಲ್ಲಿಯೂ ಪಡೆಯುತ್ತಿರುವನೆನ್ನೋಣ. ಎರಡು ಚೀಟಿಗಳನ್ನೂ ಒಟ್ಟಿಗೆ ನೋಡಿದವರು ಯಾರೂ ಇಲ್ಲದಿರಬಹುದು. ನೋಡಿದ ವೈದ್ಯರು ರಕ್ತವನ್ನು ಪರೀಕ್ಷಿಸಿ ವಾರ್ಫರಿನ್ನಿನ ಪ್ರಮಾಣವನ್ನು ಏರಿಸಿಯಾರು. ಆದರೆ ಆರು ತಿಂಗಳು ಮುಗಿದು ರಿಫಾಂಪಿಸಿನ್ ನಿಂತ ಮೇಲೆ ತೂಬು ಸುಮಾರು ಎರಡು ವಾರಗಳಲ್ಲಿ ಮತ್ತೆ ಕಿರಿದಾಗುತ್ತದೆ. ಏರಿಸಿದ ಪ್ರಮಾಣ ಹಾಗೆಯೇ ಮುಂದುವರಿದರೆ ರಕ್ತಸ್ರಾವಕ್ಕೆ ದಾರಿಯಾಗುವುದು. ಕ್ಷಯ ವಾಸಿಯಾಯಿತೆಂದು ಮನೆಯವರೆಲ್ಲ ನಿಟ್ಟುಸಿರು ಬಿಡುವ ವಾರಗಳೂ ಅವೇ.